ಬಿಸ್ಕತ್ತಿನ ಡಬ್ಬದೊಳಗಿನ ಹೆಣ್ಣುಮಕ್ಕಳು

ನನಗೆ ಎಂಬತ್ತು ದಾಟಿದೆ. ನನ್ನನ್ನು "ಮಗಳೇ" ಎಂದು ಕರೆಯುವಷ್ಟು ವಯಸ್ಸಾದವರು ಈಗ ಯಾರೂ ಉಳಿದಿಲ್ಲ. ಅದೊಂದು ನೆಮ್ಮದಿ. ನಲವತ್ತೋ ಐವತ್ತೋ ಇದ್ದಾಗ ಬಸ್ಸಿನಲ್ಲಿ ಯಾರಾದರೂ ಹಿರಿಯರು "ಸ್ವಲ್ಪ ಆಚೆ ಜರುಗಮ್ಮ" ಅಂದರೆ ಜರುಗುತ್ತಿದ್ದೆ, "ಜರುಗು ಮಗಳೇ" ಅಂದರೆ ಜರುಗುತ್ತಿರಲಿಲ್ಲ. ಪಾಪ, ಅವರಿಗೇನು ಗೊತ್ತು, ಒಳ್ಳೆಯ ಮನಸ್ಸಿನಿಂದಲೇ ಕರೆದಿರುತ್ತಾರೆ. ಆದರೂ ನನಗೆ ಮೈ ಉರಿಯುತ್ತಿತ್ತು. ಆ ಪದವನ್ನು ಉಳಿದವರ ಹಾಗೆ ಸುಮ್ಮನೆ ಕೇಳಿಸಿಕೊಂಡು ಬೆಳೆದವಳಲ್ಲ ನಾನು. ಅದನ್ನು ಗ್ರೀಕ್ ಅಕ್ಷರದಲ್ಲಿ ಬರೆಯಲು ಕಲಿತವಳು. ಬೈಬಲಿನಲ್ಲಿ ಅದು ಎಲ್ಲೆಲ್ಲಿ ಬರುತ್ತದೆ, ಯಾರು ಯಾರಿಗೆ ಅನ್ನುತ್ತಾರೆ ಎಂದು ಚೀಟಿ ಬರೆದು ಬಿಸ್ಕತ್ತಿನ ಡಬ್ಬದಲ್ಲಿ ಜೋಡಿಸಿಟ್ಟವಳು. ನನಗೆ ಹದಿನೈದು ತುಂಬುವಾಗ ಆ ಪದವನ್ನು ನನ್ನಷ್ಟು ಬಲ್ಲವರು ಇಡೀ ಕೊಡಗು ರಾಜ್ಯದಲ್ಲಿ ಇನ್ನೊಬ್ಬರೇ ಇದ್ದಿರಬೇಕು. ಅವರು ನಮ್ಮ ಅಯ್ಯನವರು.

ರಾಜ್ಯ ಎಂದೆ. ಈಗಿನವರು ನಗಬೇಡಿ. ಆಗ ಕೊಡಗು ಒಂದು ರಾಜ್ಯವೇ ಆಗಿತ್ತು. ಮಡಿಕೇರಿಯಲ್ಲಿ ನಮ್ಮದೇ ಮಂತ್ರಿಗಳಿದ್ದರು. ನಮ್ಮಮ್ಮ ಹುಣಸೂರಿನ ಕಡೆಯಿಂದ ಕಾಫಿ ಕುಯ್ಯಲು ಬಂದು ಬಿಟ್ಟಂಗಾಲದ ಆಚೆಯ ಒಂದು ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಉಳಿದವಳು. ಅಪ್ಪ ಬೇರೆ ತೋಟಕ್ಕೆ ಕೆಲಸ ನೋಡಿಬರುತ್ತೇನೆಂದು ಹೋದವನು ತಿರುಗಿ ಮುಖ ತೋರಿಸಲಿಲ್ಲ. ಅಮ್ಮ ಚರ್ಚಿಗೆ ಸೇರಿ, ನನಗೂ ದೀಕ್ಷಾಸ್ನಾನ ಮಾಡಿಸಿ, ನನಗೆ ಏಳು ವರ್ಷವಾಗಿದ್ದಾಗ ಜ್ವರ ಬಂದು ತೀರಿಹೋದಳು. ಅದೇ ಲೈನಿನಲ್ಲಿ ಚಿಕ್ಕಮ್ಮ ಇದ್ದಳು. ಅವಳಿಗೇ ನಾಲ್ಕು ಮಕ್ಕಳು. ಮಣ್ಣು ಮಾಡಿ ಬಂದ ಮೇಲೆ ನಮ್ಮ ಸಭೆಯ ಪಾದ್ರಿ ಅಯ್ಯನವರು ಚಿಕ್ಕಮ್ಮನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು "ಬಾ ಮಗಳೇ, ಮನೆಗೆ ಹೋಗುವ" ಎಂದರು. ಅಯ್ಯನವರು ಘಟ್ಟದ ಕೆಳಗಿನವರು, ಅವರ ಕನ್ನಡ ಹಾಗೇ. ಅಪ್ಪನ ಬಾಯಿಂದ ಆ ಮಾತು ಕೇಳಿದ ನೆನಪು ನನಗಿರಲಿಲ್ಲ. ಅವರ ಕೈ ಹಿಡಿದುಕೊಂಡು ಹೊರಟೇಬಿಟ್ಟೆ, ಚಿಕ್ಕಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಪಾದ್ರಿ ಮನೆಯಲ್ಲಿ ಅಯ್ಯನವರು, ಅಮ್ಮನವರು, ನನಗಿಂತ ಒಂದು ವರ್ಷಕ್ಕೆ ದೊಡ್ಡವಳಾದ ಅವರ ಮಗಳು, ಇಷ್ಟೇ ಜನ. ನಾನು ಬೆಳಿಗ್ಗೆ ಎದ್ದು ಒಲೆ ಹಚ್ಚಿ, ಬಾವಿಯಿಂದ ನೀರು ಸೇದಿ, ಹಸುವಿನ ಹಾಲು ಕರೆದು, ಆಮೇಲೆ ಅವಳ ಜೊತೆಯಲ್ಲೇ ಶಾಲೆಗೆ ಹೋಗುತ್ತಿದ್ದೆ. ಒಂದೇ ತಟ್ಟೆಯಲ್ಲಲ್ಲದಿದ್ದರೂ ಒಂದೇ ಪಾತ್ರೆಯ ಊಟ. ಅವಳಿಗೆ ಚಿಕ್ಕದಾದ ಲಂಗ ನನಗೆ ಸರಿಯಾಗುತ್ತಿತ್ತು. ಅಯ್ಯನವರು ನನ್ನನ್ನು ಮಗಳೇ ಎಂದು ಕರೆಯುತ್ತಿದ್ದರು. ನಾನು ಅವರನ್ನು ಅಯ್ಯನವರೇ ಎಂದೇ ಕರೆಯುತ್ತಿದ್ದೆ. ಹೋದ ಹೊಸದರಲ್ಲಿ ಒಂದು ಸಲ ಬಾಯಿತಪ್ಪಿ "ಅಪ್ಪಾ" ಅಂದಿದ್ದೆ. ಅಮ್ಮನವರು ಅಡಿಗೆಮನೆಯಿಂದಲೇ, "ಅಯ್ಯನವರೇ ಅಂತ ಹೇಳ್ಬೇಕು" ಎಂದು ತಿದ್ದಿದರು. ಅಯ್ಯನವರು ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ. ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ.

ಅಂದುಕೊಳ್ಳುವುದರಲ್ಲಿ ನಾನು ಬಹಳ ಜಾಣೆ. ಚರ್ಚಿನಲ್ಲಿ ಮುಂದಿನ ಬೆಂಚು ಪಾದ್ರಿ ಮನೆಯವರದ್ದು. ಲೈನಿನ ಹೆಂಗಸರು ಹಿಂದೆ ಚಾಪೆಯ ಮೇಲೆ. ಭಾನುವಾರ ಅಮ್ಮನವರ ಕೈಚೀಲ, ಹಾಡಿನ ಪುಸ್ತಕ ಎಲ್ಲ ಹೊತ್ತುಕೊಂಡು ಬೆಂಚಿನ ತನಕ ಹೋಗಿ, ಅವನ್ನು ಇಟ್ಟು, ನಾನು ಹಿಂದಕ್ಕೆ ಬಂದು ಚಿಕ್ಕಮ್ಮನ ಪಕ್ಕ ಚಾಪೆಯಲ್ಲಿ ಕೂರುತ್ತಿದ್ದೆ. ಬೆಂಚು ಇಕ್ಕಟ್ಟು, ಅದಕ್ಕೇ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆ ಬೆಂಚಿನಲ್ಲಿ ಐದು ಜನ ಕೂರಬಹುದಿತ್ತು. ಕೂರುತ್ತಿದ್ದವರು ಇಬ್ಬರು.

ಅಯ್ಯನವರು ಕೆಳಗಿನ ಊರಿನ ಪಾದ್ರಿ ಶಾಲೆಯಲ್ಲಿ ಗ್ರೀಕ್ ಕಲಿತವರು. ಅವರ ಹತ್ತಿರ ರಟ್ಟು ಕಿತ್ತುಹೋದ ಒಂದು ಗ್ರೀಕ್ ಹೊಸ ಒಡಂಬಡಿಕೆ ಇತ್ತು. ಅದರಲ್ಲಿನ ಒಂದೇ ಒಂದು ಪದದ ಬಗ್ಗೆ ಕನ್ನಡದಲ್ಲಿ ಚಿಕ್ಕದೊಂದು ಪುಸ್ತಕ ಬರೆಯಬೇಕೆಂದು ಅವರಿಗೆ ಆಸೆ. ಯಾಕೆ ಆ ಪದ ಎಂದು ಒಮ್ಮೆ ಕೇಳಿದೆ.

"ದೇವರಿಗೆ ಒಬ್ಬ ಮಗ ಉಂಟು ಅಂತ ಎಲ್ಲರೂ ಬರೀತಾರೆ. ಮಗಳಂದಿರ ಸಂಗತಿ ಯಾರು ಬರೀತಾರೆ? ಯಾರೂ ಇಲ್ಲ. ನಾವು ಬರೆಯುವ" ಎಂದರು.

"ನಾವು" ಅಂದದ್ದು ನನಗೆ ಎಷ್ಟು ಹಿಡಿಸಿತೆಂದರೆ ಆ ದಿನ ಹಾಲು ಉಕ್ಕಿ ಚೆಲ್ಲಿ ಅಮ್ಮನವರಿಂದ ಬೈಸಿಕೊಂಡೆ.

ಬರೆಯುವುದಕ್ಕೆ ಅವರಿಗಿದ್ದ ತೊಂದರೆ ಕಣ್ಣು. ಎರಡು ಕಣ್ಣಿಗೂ ಪೊರೆ ಬರುತ್ತಿತ್ತು. ಆರಾಧನೆಯ ಮಾತು, ಹಾಡು, ಪಾಠ ಎಲ್ಲ ಬಾಯಿಪಾಠವಿದ್ದುದರಿಂದ ಸಭೆಯವರಿಗೆ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಆದರೆ ಗ್ರೀಕ್ ಪುಸ್ತಕದ ಇರುವೆ ಸಾಲಿನಂಥ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ. ಅವರ ಮಗಳನ್ನು ಕೂರಿಸಿ ನೋಡಿದರು. ಅವಳು ಎರಡನೆಯ ದಿನವೇ ತಲೆನೋವು ಎಂದಳು. ಹಾಗಾಗಿ ನಾನು ಅವರ ಕಣ್ಣಾದೆ. ಅವರು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ದೊಡ್ಡದಾಗಿ ಬರೆದು ತೋರಿಸಿದರು. ಮೊದಲನೆಯ ಅಕ್ಷರ ಮೊಟ್ಟೆಯ ನಡುವೆ ಅಡ್ಡಗೆರೆ ಎಳೆದ ಹಾಗೆ. ಥುಗಾತೇರ್. ಹಾಗೆಂದರೆ ಮಗಳು. ಅರ್ಥ ತಿಳಿಯದ ಭಾಷೆಯ ಪುಟಗಳ ಮೇಲೆ ಬೆರಳಿಟ್ಟುಕೊಂಡು ಸಾಲುಸಾಲಾಗಿ ಆ ಆಕಾರ ಹುಡುಕುವುದು ನನ್ನ ಕೆಲಸ. ಹಸಿರು ಕಾಯಿಗಳ ನಡುವೆ ಹಣ್ಣಾದ ಕಾಫಿ ಹುಡುಕುವ ಹಾಗೇ ಅದು, ಲೈನಿನವರ ಮಕ್ಕಳಿಗೆ ಆ ಕಣ್ಣು ಹುಟ್ಟಿನಿಂದ ಬಂದಿರುತ್ತದೆ. ಸಿಕ್ಕಿದ ಕೂಡಲೇ "ಇಲ್ಲಿದೆ ಅಯ್ಯನವರೇ" ಅನ್ನುತ್ತಿದ್ದೆ. ಯಾವ ಅಧ್ಯಾಯ, ಎಷ್ಟನೆಯ ವಾಕ್ಯ ಎಂದು ಹೇಳಿದರೆ ಸಾಕು, ಅವರು ಕಣ್ಣು ಮುಚ್ಚಿಕೊಂಡೇ ಆ ಸಂಗತಿ ವಿವರಿಸುತ್ತಿದ್ದರು. ನಾನು ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಮಾಡಿದ ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೆ. ಅನ್ನುವವರು ಯಾರು, ಅನ್ನಿಸಿಕೊಂಡವಳು ಯಾರು, ಅವಳಿಗೆ ಏನಾಯಿತು.

ಗ್ರೀಕರ ಥುಗಾತೇರಿಗೂ ನಮ್ಮ ಸಂಸ್ಕೃತದ ದುಹಿತೃವಿಗೂ ರಕ್ತಸಂಬಂಧವಿದೆ ಎಂದು ಅಯ್ಯನವರು ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ. ಎಲ್ಲಿಯ ಗ್ರೀಸು, ಎಲ್ಲಿಯ ನಾವು. ಹಿಂದಿನ ಪಂಡಿತರು ದುಹಿತೃ ಎಂದರೆ ಹಾಲು ಕರೆಯುವವಳು ಎನ್ನುತ್ತಿದ್ದರಂತೆ. ದೂರ ಇದ್ದರೆ ಹಿತವಾದವಳು ಎಂದು ಇನ್ನು ಕೆಲವರು ಹೇಳಿದರಂತೆ.

"ದೂರ ಇದ್ರೆ ಹಿತವಂತೆ! ಎಂಥ ಜನ ಮಾರಾಯ್ತಿ!" ಎಂದು ಅಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಹಾಲು ಕರೆಯುವವಳೇ ಮಗಳು ಅಂತಾದರೆ ಆ ಮನೆಯ ಮಗಳು ನಾನೇ ಎಂದು ಒಳಗೊಳಗೇ ಬೀಗಿದೆ. ಅವರ ಮಗಳಿಗೆ ಹಸುವಿನ ಹತ್ತಿರ ಹೋಗಲೂ ಹೆದರಿಕೆ.

ಕೆಲಸ ನಡೆದಷ್ಟು ದಿನವೂ ನಾವಿಬ್ಬರೂ ಎಲ್ಲೆಲ್ಲೂ ಅದನ್ನೇ ನೋಡುತ್ತಿದ್ದೆವು. ವಿರಾಜಪೇಟೆಯ ಅಂಗಡಿಯ ಕಾಕ ಸಕ್ಕರೆ ಕಟ್ಟಿಕೊಡುತ್ತ ಯಾವ ಹುಡುಗಿಗಾದರೂ "ಮೋಳೇ" ಅನ್ನುತ್ತಿದ್ದ, ಮಲಯಾಳದಲ್ಲಿ ಮಗಳೇ ಎಂದು. ಅದನ್ನೂ ಬರೆದುಕೋ ಎಂದರು ಅಯ್ಯನವರು. ಎಸ್ಟೇಟಿನ ಸಾಹುಕಾರರ ಮನೆಯ ಮದುವೆಗೆ ಲೈನಿನವರ ಜೊತೆ ಪಾತ್ರೆ ತೊಳೆಯಲು ಹೋಗಿದ್ದಾಗ, ಕೊಡವರು ಹುಡುಗಿಯನ್ನು ಕೊಡುವಾಗ ಹನ್ನೆರಡು ಚಿಕ್ಕ ಕಲ್ಲುಗಳಲ್ಲಿ ಹನ್ನೊಂದನ್ನು ಗಂಡಿನ ಕಡೆಯವರಿಗೆ ಎಣಿಸಿಕೊಟ್ಟು ಒಂದನ್ನು ಉಳಿಸಿಕೊಂಡದ್ದು ಕಂಡೆ. ಯಾಕೆ ಎಂದು ಅಲ್ಲಿನ ಅಜ್ಜಿಯೊಬ್ಬರನ್ನು ಕೇಳಿದೆ.

"ಅದು ಅವಳ ಕಲ್ಲು. ಅಲ್ಲಿ ಕಷ್ಟ ಆದ್ರೆ ಇಲ್ಲಿ ಅವಳಿಗೆ ಜಾಗ ಇದೆ ಅಂತ. ಮಗಳನ್ನ ಪೂರ್ತಿ ಕೊಟ್ಟುಬಿಡಕ್ಕೆ ಆಗ್ತದಾ?" ಎಂದರು ಅಜ್ಜಿ. ಮನೆಗೆ ಬಂದು ಹೇಳಿದರೆ ಅಯ್ಯನವರು ಅದಕ್ಕೂ ಒಂದು ಚೀಟಿ ಮಾಡಿಸಿದರು.

ಚೀಟಿಗಳು ಸೇರುತ್ತ ಹೋದ ಹಾಗೆ ಡಬ್ಬದಲ್ಲಿ ಒಂದು ಊರೇ ಆಯಿತು. ಹದಿನೆಂಟು ವರ್ಷ ನಡು ಬಾಗಿಸಿಕೊಂಡೇ ಬದುಕಿದ್ದ ಹೆಂಗಸನ್ನು ದೇವರ ಮಗನಾದ ಕರ್ತನು ತಮ್ಮ ಕುಲದ ಮೂಲಪುರುಷನ ಮಗಳು ಎಂದು ಕರೆದದ್ದು ಒಂದು ಚೀಟಿ. ಒಂದು ಇಡೀ ಪಟ್ಟಣವನ್ನೇ ಮಗಳು ಎಂದದ್ದು ಇನ್ನೊಂದು. ರಾಜನ ಮುಂದೆ ಕುಣಿದವಳು. ಕಾಯಿಲೆಯ ಮಗಳಿಗಾಗಿ ಅಂಗಲಾಚಿದ ಪರದೇಶದ ತಾಯಿ. ಪ್ರವಾದನೆ ಮಾಡುತ್ತಿದ್ದ ನಾಲ್ಕು ಜನ ಅಕ್ಕತಂಗಿಯರು, ಅವರು ಏನು ನುಡಿದರೆಂದು ಮಾತ್ರ ಯಾರೂ ಬರೆದಿಡಲಿಲ್ಲ. ಜೋಡಿಸುತ್ತ ಜೋಡಿಸುತ್ತ ನನಗೆ ಒಂದು ವಿಷಯ ಕಣ್ಣಿಗೆ ಹೊಡೆಯಿತು.

"ಅಯ್ಯನವರೇ, ಇವ್ರಿಗೆಲ್ಲ ಹೆಸರೇ ಇಲ್ವಾ?"

"ಇಲ್ಲ. ಅಪ್ಪಂದಿರಿಗೆ ಉಂಟು" ಎಂದರು. ಆಮೇಲೆ ನೆನಪು ಮಾಡಿಕೊಂಡು, ದೇವಾಲಯದಲ್ಲೇ ದಿನ ಕಳೆಯುತ್ತಿದ್ದ ಒಬ್ಬ ಮುದುಕಿ ವಿಧವೆಗೆ ಮಾತ್ರ ಹೆಸರಿದೆ ಎಂದು ಹೇಳಿ, ಅವಳ ಚೀಟಿಗೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿಸಿದರು.

ಇನ್ನೊಂದು ದಿನದ ಸಂಗತಿ ಹೇಳಬೇಕು, ನನ್ನ ಹಣೆಬರಹ ಅದರಲ್ಲೇ ಇದೆ. ಸಭಾಮಂದಿರದ ಅಧಿಕಾರಿಯೊಬ್ಬನ ಹನ್ನೆರಡು ವರ್ಷದ ಮಗಳು ಸಾಯುತ್ತಿದ್ದಾಳೆ. ಅಪ್ಪ ಓಡಿಬಂದು ಕರ್ತನ ಕಾಲಿಗೆ ಬೀಳುತ್ತಾನೆ. ಕರ್ತನು ಅವನ ಜೊತೆ ಹೊರಡುತ್ತಾನೆ. ದಾರಿಯಲ್ಲಿ ಹನ್ನೆರಡು ವರ್ಷದಿಂದ ರಕ್ತ ಹೋಗುತ್ತಿದ್ದ ಒಬ್ಬ ಹೆಂಗಸು ಗುಂಪಿನಲ್ಲಿ ನುಗ್ಗಿ ಹಿಂದಿನಿಂದ ಅವನ ಬಟ್ಟೆ ಮುಟ್ಟುತ್ತಾಳೆ. ಯಾರೂ ಹತ್ತಿರ ಸೇರಿಸದ ಹೆಂಗಸು. ಕರ್ತನು ಅಲ್ಲೇ ನಿಂತು, ಮುಟ್ಟಿದ್ದು ಯಾರು ಎಂದು ಕೇಳಿ, ಅವಳನ್ನು ಮುಂದಕ್ಕೆ ಕರೆಸಿ, ಅಷ್ಟು ಜನರ ನಡುವೆ "ಮಗಳೇ" ಎನ್ನುತ್ತಾನೆ. ಈ ಎರಡು ಚೀಟಿಗಳು ನನ್ನ ಎರಡು ಕೈಯಲ್ಲಿದ್ದವು.

"ಆ ದೊಡ್ಡ ಮನುಷ್ಯನಿಗೆ ಎಷ್ಟು ಸಿಟ್ಟು ಬಂದಿರ್ಬೇಕು ಅಯ್ಯನವರೇ! ಅವನ ಮಗಳು ಅಲ್ಲಿ ಸಾಯ್ತಾ ಇದ್ದಾಳೆ. ಇವರು ದಾರೀಲಿ ನಿಂತ್ಕೊಂಡು ಬೇರೆ ಯಾರನ್ನೋ ಮಗಳೇ ಅಂತ ಕರೀತಾ ಇದ್ದಾರೆ. ಇವಳಿಗೋಸ್ಕರ ಅವಳನ್ನ ಕಾಯಿಸಿಬಿಟ್ರು. ಎರಡೂ ಹನ್ನೆರಡೇ ವರ್ಷ ನೋಡಿ."

ಅಯ್ಯನವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಇಪ್ಪತ್ತು ವರ್ಷ ಚರ್ಚಿನಲ್ಲಿ ಇದರ ಮೇಲೆ ಪ್ರಸಂಗ ಮಾಡಿದ್ದೇನೆ. ನನಗೆ ಇದು ಹೊಳೀಲೇ ಇಲ್ಲ" ಎಂದರು. ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತು ವಾಪಸು ಬಂದರು. "ನೀನು ಟೀಚರಾಗ್ಬೇಕು. ಕೆಳಗೆ ಟ್ರೈನಿಂಗ್ ಶಾಲೆಯಲ್ಲಿ ಸಭೆಯ ಕೆಲಸದವರ ಮಗಳಂದಿರಿಗೆ ಅಂತ ಒಂದು ಜಾಗ ಉಂಟು. ಊಟ, ವಸತಿ ಎಲ್ಲ ಅವರದ್ದೇ. ನಾನು ಬರೆದುಕೊಡ್ತೇನೆ."

"ನಾನು ಮಗಳು ಅಂತ ಆಗುತ್ತಾ?" ಎಂದು ಕೇಳಿದೆ.

"ಮತ್ತೆಂಥದು ನೀನು? ಇಷ್ಟು ಚೀಟಿ ಬರೆದ ಮೇಲೂ ಕೇಳ್ತೀಯಲ್ಲ ಮಾರಾಯ್ತಿ" ಎಂದು ನಕ್ಕರು.

ಆ ಜಾಗ ಸಿಗದಿದ್ದರೆ ನನಗೆ ಉಳಿದದ್ದು ಲೈನು. ಎಂಟನೆಯ ತರಗತಿ ಮುಗಿಸಿದ ಹುಡುಗಿಗೂ ಮೂರು ಕಲ್ಲಿನ ಒಲೆ, ಒಂದು ಕೋಣೆ, ಬೆಳಗಾದರೆ ಹಾಜರಿ ಬರೆಯುವ ರೈಟರ್ ಹೆಸರು ಕೂಗುವುದು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾಫಿ ಹಣ್ಣಿನ ಪಿಕ್ಕಿಂಗು. ಅಮ್ಮ ಬದುಕಿದ್ದೂ ಸತ್ತದ್ದೂ ಹಾಗೇ. ಚಿಕ್ಕಮ್ಮ ಚರ್ಚಿನಲ್ಲಿ ಸಿಕ್ಕಾಗಲೆಲ್ಲ ಕೆಣಕುತ್ತಿದ್ದಳು. "ಏನ್ ಕೂಸೇ, ಅದೆಂಥದೋ ಬರಿತೀಯಂತೆ. ಕಾಫಿ ಕುಯ್ಯಕ್ಕೆ ಅದು ಬೇಕಾ?" "ನಾನು ಕಾಫಿ ಕುಯ್ಯಲ್ಲ ಚಿಕ್ಕಮ್ಮ, ಟೀಚರಾಗ್ತೀನಿ, ಅಯ್ಯನವರು ಮಾತು ಕೊಟ್ಟಿದ್ದಾರೆ" ಎಂದೆ. ಅವಳು ನನ್ನ ಮುಖವನ್ನೇ ನೋಡಿ, "ಆಗ್ಲವ್ವ, ಆಗ್ಲಿ" ಎಂದು ತಲೆ ಸವರಿದಳು. ಅವಳು ನಂಬಲಿಲ್ಲ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಜನ ಗೊತ್ತಿತ್ತು.

ಪರೀಕ್ಷೆ ಮುಗಿದು, ಕಾಫಿ ಹೂವಿನ ಮಳೆಯೂ ಬಂದುಹೋಗಿ, ಬಿಸಿಲು ಏರಿದ್ದ ಒಂದು ಮಧ್ಯಾಹ್ನ ಅಯ್ಯನವರು ಕರೆದರು. "ಒಳ್ಳೆ ಕಾಗದ ತಾ ಮಗಳೇ. ಟ್ರೈನಿಂಗ್ ಶಾಲೆಗೆ ಅರ್ಜಿ ಬರೆಯುವ." ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಹೊಸ ನಿಬ್ಬು ಹಾಕಿ ಕೂತೆ. ಎರಡು ಪುಟ ಬೇಕಿತ್ತು. ಒಂದು, ತಂದೆಯ ಮಾತಿನಲ್ಲಿ ಮಗಳ ಪರಿಚಯ. ಇನ್ನೊಂದು, ಅರ್ಜಿ ಹಾಕುವವಳು ತನ್ನ ಸ್ವಂತ ಕೈಬರಹದಲ್ಲಿ ಬರೆದ ಒಂದು ಪುಟ.

ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ನನ್ನ ಮಗಳು ಚಿಕ್ಕಂದಿನಿಂದ ಓದಿನಲ್ಲಿ ಆಸಕ್ತಿಯುಳ್ಳವಳು. ಅವಳ ಅಕ್ಷರ ಸುಂದರ. ಅವಳು ಗ್ರೀಕ್ ಅಕ್ಷರಗಳನ್ನು ಕಲಿತು ನನ್ನ ಅಧ್ಯಯನಕ್ಕೆ ಕಣ್ಣಾಗಿದ್ದಾಳೆ. ಅಧಿಕಾರಿಯ ಮಗಳನ್ನೂ ರಕ್ತಸ್ರಾವದ ಹೆಂಗಸನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವಳು ನಾನಲ್ಲ, ನನ್ನ ಮಗಳು. ಇಷ್ಟು ಬರೆಯುವಷ್ಟರಲ್ಲಿ ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು. ಕಾಗದದ ಮೇಲೆ ಬೀಳದ ಹಾಗೆ ತಲೆ ಓರೆ ಮಾಡಿಕೊಂಡು ಬರೆದೆ. ಅಷ್ಟು ಸುಖ ನಾನು ಅದಕ್ಕೆ ಮುಂಚೆ ಪಟ್ಟಿರಲಿಲ್ಲ, ಆಮೇಲೂ ಪಟ್ಟಿಲ್ಲ. ಅವರ ಕಣ್ಣಿಗೆ ನನ್ನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

"ಈಗ ಹೆಸರು ಬರಿ" ಎಂದರು. ಅವರ ಮಗಳ ಹೆಸರು ಹೇಳಿದರು.

ಪೆನ್ನು ಕಾಗದದ ಮೇಲೆ ನಿಂತಿತು. ಬರೆಯುವ ಸದ್ದು ನಿಂತದ್ದು ಕೇಳಿ ಅವರು, "ಎಂಥ ಆಯ್ತು, ಶಾಯಿ ಮುಗೀತಾ?" ಎಂದರು.

"ನನ್ನದು ಬೇರೆ ಅರ್ಜಿಯಾ ಅಯ್ಯನವರೇ?"

"ಒಂದೇ ಜಾಗ ಅಲ್ವಾ ಮಗಳೇ ಇರೋದು. ಅವಳು ಲೆಕ್ಕದಲ್ಲಿ ಒಂದು ಸಲ ಫೇಲಾಗಿದ್ದಾಳೆ. ಈಗ ಕಳಿಸದಿದ್ರೆ ಅವಳಿಗೆ ಬೇರೆ ದಾರಿ ಇಲ್ಲ. ನೀನು ಹೇಗೂ ಬುದ್ಧಿವಂತೆ. ನಿನ್ನದು ಮುಂದಿನ ವರ್ಷ ನೋಡುವ. ಆ ಇನ್ನೊಂದು ಪುಟ ಕೂಡ ನೀನೇ ಬರೆದುಬಿಡು. ಅವಳ ಅಕ್ಷರ ಗೊತ್ತುಂಟಲ್ಲ, ಕೋಳಿ ಕೆದರಿದ ಹಾಗೆ."

ಅವರ ದನಿಯಲ್ಲಿ ಸ್ವಲ್ಪವೂ ಅಳುಕಿರಲಿಲ್ಲ. ಉಪ್ಪು ಕೊಡು ಅಂದ ಹಾಗೆ ಹೇಳಿದರು. ಅದೇ ನನಗೆ ಇವತ್ತಿಗೂ ನುಂಗಲಾಗದ್ದು. ಕದಿಯುವವರಿಗೆ ಕೈ ನಡುಗಬೇಕಲ್ಲವೇ? ಅವರಿಗೆ ಕದಿಯುತ್ತಿದ್ದೇನೆ ಎಂದೇ ಅನ್ನಿಸಲಿಲ್ಲ. ಮನೆಯಲ್ಲಿದ್ದ ಒಳ್ಳೆಯ ಪಾತ್ರೆಯನ್ನು ಮಗಳ ಸಾಮಾನಿನ ಜೊತೆ ಕಟ್ಟಿ ಕಳಿಸುವ ಹಾಗೆ ನನ್ನ ಅಕ್ಷರವನ್ನೂ ನನ್ನ ಬುದ್ಧಿಯನ್ನೂ ಕಟ್ಟಿ ಕಳಿಸಿದರು.

ನಾನು ಬರೆದೆ. ಹೆಸರು ಬರೆದೆ. ಎರಡನೆಯ ಪುಟವನ್ನೂ ಬರೆದೆ, "ನಾನು ಪಾದ್ರಿಯವರ ಮಗಳು" ಎಂದು ಶುರುಮಾಡಿ ಕೊನೆಯವರೆಗೂ. ಯಾಕೆ ಬರೆದೆ, ಎದ್ದು ಹೋಗಬಾರದಿತ್ತೇ ಎಂದು ಮುಂದೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಎದ್ದು ಹೋದರೆ ಮಗಳಲ್ಲ ಎಂದು ಆಗಿಬಿಡುತ್ತದಲ್ಲ ಎಂಬ ಭಯ. ಇನ್ನೂ ಅದನ್ನೇ ಹಿಡಿದುಕೊಂಡು ಕೂತಿದ್ದೆ ನಾನು, ದಡ್ಡಿ.

ಅವರ ಮಗಳು ಆ ವಾರ ಅಡಿಗೆಮನೆಗೆ ಬಂದು ನನ್ನ ಪಕ್ಕ ಮಣೆ ಹಾಕಿಕೊಂಡು ಕೂತಳು. "ಅಲ್ಲಿ ಏನಾದ್ರೂ ಕೇಳಿದ್ರೆ? ಆ ಅಕ್ಷರ ಸ್ವಲ್ಪ ಹೇಳಿಕೊಡೇ" ಎಂದಳು. ಅವಳಿಗೆ ನಾಚಿಕೆಯಿತ್ತು, ಅಷ್ಟಾದರೂ ಇತ್ತು. ಒಲೆಯ ಇದ್ದಿಲಿನಲ್ಲಿ ನೆಲದ ಮೇಲೆ ಬರೆದು ಬರೆದು ಹೇಳಿಕೊಟ್ಟೆ. ಐದಾರು ಅಕ್ಷರ ಕಲಿತಳು. ಜೂನಿನಲ್ಲಿ ಅವಳ ಟ್ರಂಕನ್ನು ತಲೆಯ ಮೇಲೆ ಹೊತ್ತು ಬಸ್ಸಿನ ತನಕ ಹೋದವಳೂ ನಾನೇ. ಬಸ್ಸು ಹೊರಟಾಗ ಅವಳು ಅತ್ತಳು. ನಾನು ಅಳಲಿಲ್ಲ. ಅವಳು ಹೋಗುತ್ತಿದ್ದದ್ದು ನನ್ನ ಜಾಗಕ್ಕೆ, ಅವಳಿಗೆ ಅಳಲು ಏನಿತ್ತು ಎಂದು ಸಿಟ್ಟು ಬಂತು.

ಅದೇ ತಿಂಗಳು ಅಯ್ಯನವರು ಆ ಎರಡು ಚೀಟಿಯ ಮೇಲೆ ಪ್ರಸಂಗ ಮಾಡಿದರು. ಬಹಳ ಚೆನ್ನಾಗಿ ಮಾಡಿದರು, ಸುಳ್ಳು ಹೇಳಬಾರದು. ದೊಡ್ಡ ಮನುಷ್ಯನ ಮಗಳು ಕಾಯಬೇಕಾಯಿತು, ಯಾರಿಗೂ ಬೇಡದವಳು ಮೊದಲು ಮಗಳು ಅನ್ನಿಸಿಕೊಂಡಳು, ಅದೂ ಗುಟ್ಟಾಗಿ ಅಲ್ಲ, ನಡುಬೀದಿಯಲ್ಲಿ, ಎಲ್ಲರ ಎದುರಿಗೆ ಎಂದು ಅವರು ಹೇಳಿದಾಗ ಚಾಪೆಯ ಹೆಂಗಸರು ಕಣ್ಣೊರೆಸಿಕೊಂಡರು. ಚಿಕ್ಕಮ್ಮ ನನ್ನ ಮೊಣಕೈ ತಿವಿದು, "ನಿನ್ ಇಸ್ಯವೇ ಹೇಳ್ತಾವ್ರೆ ಕಣೇ" ಎಂದಳು. ನಾನು ಮುಂದಿನ ಬೆಂಚನ್ನು ನೋಡಿದೆ. ಈಗ ಅಲ್ಲಿ ಅಮ್ಮನವರು ಒಬ್ಬರೇ ಇದ್ದರು. ಪಕ್ಕದಲ್ಲಿ ಕೈಚೀಲ ಇತ್ತು. ನಾನು ಬಂದೇನು ಎಂದು ಅದನ್ನು ತೆಗೆದಿಟ್ಟಾರೇ ಎಂದು ಪ್ರಸಂಗ ಮುಗಿಯುವವರೆಗೂ ಕಾದೆ.

ಮುಂದಿನ ವರ್ಷ ಬಂತು. ನಾನೇ ಕಾಗದ ತಂದಿಟ್ಟು, ಅರ್ಜಿ ಬರೆಯುವ ಸಮಯವಾಯಿತು ಎಂದೆ. ಕೊಡಗನ್ನು ಮೈಸೂರಿಗೆ ಸೇರಿಸುತ್ತಾರೆ ಎಂದು ಆಗ ಎಲ್ಲರ ಬಾಯಲ್ಲೂ ಅದೇ ಮಾತು. ಅಯ್ಯನವರು ಅದನ್ನೇ ಹಿಡಿದುಕೊಂಡರು. "ಈ ರಾಜ್ಯವೇ ಇರ್ತದೋ ಇಲ್ವೋ ಗೊತ್ತಿಲ್ಲ. ನಿಯಮ ಗಿಯಮ ಎಲ್ಲ ಬದಲಾಗ್ತದೆ. ಸ್ವಲ್ಪ ತಡೆಯುವ." ಒಳಗಿನಿಂದ ಅಮ್ಮನವರು, "ಇವಳೂ ಹೋದ್ರೆ ನನ್ನ ಮಂಡಿನೋವಿಗೆ ಯಾರು? ಮನೆಗೆಲಸಕ್ಕೆ ಬೇರೆ ಜನ ನೋಡ್ಬೇಕಾಗ್ತದೆ" ಎಂದರು. ಬೇರೆ ಜನ. ಅಯ್ಯನವರು ಅಮ್ಮನವರ ಮಾತನ್ನು ತಿದ್ದಲಿಲ್ಲ. ಈ ಸಲ ಅವರ ಕೈಯಲ್ಲಿ ಪುಸ್ತಕ ಇರಲಿಲ್ಲ, ಕೇಳಿಸಲಿಲ್ಲ ಎಂದುಕೊಳ್ಳಲು ನನಗೂ ದಾರಿ ಇರಲಿಲ್ಲ.

ಆ ಸಂಜೆ ಹಸುವಿನ ಹಾಲು ಕರೆದಿಟ್ಟು, ಎರಡು ಜೊತೆ ಬಟ್ಟೆ ಗಂಟುಕಟ್ಟಿ, ಚಿಕ್ಕಮ್ಮನ ಕೋಣೆಗೆ ಬಂದೆ. ಅವಳು ಏನೂ ಕೇಳದೆ ಚಾಪೆ ಬಿಡಿಸಿದಳು. ಬೆಳಿಗ್ಗೆ ರೈಟರ್ ನನ್ನ ಹೆಸರನ್ನು ಚೆಕ್‌ರೋಲಿಗೆ, ಕೂಲಿಯವರ ಹಾಜರಿ ಪಟ್ಟಿಗೆ, ಏರಿಸಿಕೊಂಡ. ಕಳೆ, ಗೊಬ್ಬರ, ಚಿಗುರು ತೆಗೆಯುವುದು, ಆಮೇಲೆ ಪಿಕ್ಕಿಂಗು. ಕೈ ಬೇಗ ಒರಟಾಯಿತು. ಪಾದ್ರಿ ಮನೆಯಿಂದ ಯಾರೂ ಹುಡುಕಿಕೊಂಡು ಬರಲಿಲ್ಲ. ಭಾನುವಾರ ನಾನು ಚರ್ಚಿಗೆ ಹೋಗುವುದನ್ನೂ ಬಿಟ್ಟೆ.

ಆ ವರ್ಷದ ಪಿಕ್ಕಿಂಗ್ ನಡುವೆ, ಒಂದು ಮಧ್ಯಾಹ್ನ ಕಾಫಿ ಗಿಡಗಳ ಕೆಳಗೆ ನಾವೆಲ್ಲ ಬುತ್ತಿ ಬಿಚ್ಚಿ ಕೂತಿದ್ದೆವು. ಮೇಲಿನ ದಾರಿಯಿಂದ ಕೂಗು ಕೇಳಿತು.

"ಮಗಳೇ!"

ತಲೆ ಎತ್ತಿ ನೋಡಿದೆ. ಅಯ್ಯನವರು. ಕೋಲೂರಿಕೊಂಡು, ದಾರಿ ತಡವುತ್ತ ನಿಂತಿದ್ದಾರೆ. ಅಮ್ಮನನ್ನು ಮಣ್ಣು ಮಾಡಿದ ದಿನ ಬಿಟ್ಟರೆ, ಮನೆಯ ಹೊರಗೆ, ನಾಲ್ಕು ಜನರ ಮುಂದೆ ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಇಡೀ ಗ್ಯಾಂಗು ಕೇಳಿಸಿಕೊಂಡಿತು. ನಾನು ಎಂಜಲು ಕೈಯಲ್ಲೇ ಎದ್ದು ಗಿಡಗಳ ನಡುವೆ ಓಡಿದೆ.

ಅವರು ನನ್ನ ಭುಜ ಹಿಡಿದುಕೊಂಡು ಒಂದು ಕಲ್ಲಿನ ಮೇಲೆ ಕೂತರು. ಸ್ವಲ್ಪ ದಣಿವಾರಿಸಿಕೊಂಡು ಜೇಬಿನಿಂದ ಒಂದು ಕಾಗದ ತೆಗೆದರು. ಟ್ರೈನಿಂಗ್ ಶಾಲೆಯ ಮುಖ್ಯಸ್ಥೆ ಬರೆದದ್ದು. ಅಲ್ಲಿ ಏನೋ ಸಮಾರಂಭಕ್ಕೆ ಅವರ ಮಗಳ ಕೈಲಿ ಗ್ರೀಕ್ ವಾಕ್ಯ ಬರೆಸಲು ಹೋಗಿದ್ದಾರೆ. ಅವಳಿಗೆ ಬರಲಿಲ್ಲ. ಅನುಮಾನ ಬಂದು ಹಳೆಯ ಅರ್ಜಿ ತೆಗೆಸಿ ನೋಡಿದರೆ ಅಕ್ಷರವೇ ಬೇರೆ. ಇದು ಯಾರ ಕೈಬರಹ ಎಂದು ಕೇಳಿದ್ದರು.

"ಅವಳನ್ನು ಹೊರಗೆ ಹಾಕ್ತಾರೆ ಮಗಳೇ. ನೀನು ಎರಡು ಸಾಲು ಬರೆದುಕೊಡಬೇಕು. ಅವಳ ಬಲಗೈಗೆ ಪೆಟ್ಟಾಗಿತ್ತು, ಅವಳು ಹೇಳಿದ್ದನ್ನು ನಾನು ಬರೆದದ್ದು, ನಾನು ಆ ಮನೆಯ ಕೆಲಸದವಳು ಅಂತ. ಅಷ್ಟು ಸಾಕು." ಕಾಗದವನ್ನೂ ಪೆನ್ನನ್ನೂ ಅವರೇ ತಂದಿದ್ದರು.

ನಾನು ಕೈಯನ್ನು ಹುಲ್ಲಿಗೆ ಒರೆಸಿಕೊಂಡೆ. ಅವರ ಗ್ರೀಕ್ ಪುಸ್ತಕಕ್ಕೆ ಕೂರುವಾಗ ಕೂರುತ್ತಿದ್ದ ಹಾಗೇ ಕಾಲು ಮಡಚಿ ಕೂತು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆದೆ. ಬೆರಳಿನಲ್ಲಿ ಕಾಫಿಯ ಅಂಟಿತ್ತು. ಆದರೂ ಅಕ್ಷರ ಚೆನ್ನಾಗಿಯೇ ಬಂತು. ಬರೆದು ಅವರ ಕೈಗೆ ಕೊಟ್ಟೆ. ಅವರು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ಬೆಳಕಿಗೆ ತಿರುಗಿಸಿದರು. ಏನೂ ಕಾಣಲಿಲ್ಲ. ಪೊರೆ ಪೂರ್ತಿ ಮುಚ್ಚಿತ್ತು.

"ನಾನು ಹೇಳಿದ ಹಾಗೆ ಬರೆದಿದ್ದೀಯಲ್ಲ?" ಎಂದರು.

ಹೂಂ ಎಂದುಬಿಟ್ಟಿದ್ದರೆ ಸಾಕಿತ್ತು. ಅವರು ಹಾಗೇ ಮಡಚಿ ಅಂಚೆಗೆ ಹಾಕುತ್ತಿದ್ದರು. ಹೂಂ ಎನ್ನಲು ನನಗೆ ಎಷ್ಟು ಆಸೆಯಾಯಿತು ಎಂದು ಹೇಳುವುದಕ್ಕೆ ಈಗ ನಾಚಿಕೆಯಿಲ್ಲ. ಆದರೆ ಕಣ್ಣು ಕಾಣದವರಿಗೆ ಮೋಸ ಮಾಡುವುದನ್ನು ಅವರಿಂದ ನಾನು ಕಲಿಯಲಿಲ್ಲ.

"ಇಲ್ಲಿ ಕೊಡಿ, ಓದ್ತೀನಿ" ಎಂದೆ.

ಕಾಗದ ವಾಪಸು ಇಸಿದುಕೊಂಡು, ಕೆಳಗೆ ಬುತ್ತಿ ಬಿಚ್ಚಿ ಕೂತವರಿಗೂ ಕೇಳುವ ಹಾಗೆ ಓದಿದೆ. "ಅರ್ಜಿಯ ಎರಡು ಪುಟದ ಕೈಬರಹವೂ ನನ್ನದು. ಅದರಲ್ಲಿ ಹೇಳಿದ ಕೆಲಸವನ್ನೆಲ್ಲ ಮಾಡಿದವಳೂ ನಾನು. ನಾನು ಪಾದ್ರಿಯವರ ಮಗಳಲ್ಲ." ಕೆಳಗೆ ನನ್ನ ಹೆಸರು ಬರೆದಿದ್ದೆ. ಅದನ್ನೂ ಓದಿದೆ.

ಅಯ್ಯನವರು ಕೈ ಚಾಚಿದರು. ಕಾಗದ ಕೊಟ್ಟೆ. ಹರಿಯಲಿಲ್ಲ, ಜೇಬಿಗೆ ಹಾಕಿಕೊಂಡು ಎದ್ದರು. ದಾರಿಯಲ್ಲಿ ಒಂದು ಕಡೆ ಎಡವಿದರು. ನಾನು ಹಿಡಿದುಕೊಳ್ಳಲು ಹೋಗಲಿಲ್ಲ. ಅವರು ಅದನ್ನು ಕಳಿಸಲಿಲ್ಲ ಎಂದು ಕಾಣುತ್ತದೆ, ಬೇರೆ ಏನಾದರೂ ಬರೆಸಿರಬೇಕು. ಅವರ ಮಗಳು ಟ್ರೈನಿಂಗ್ ಮುಗಿಸಿ ಟೀಚರಾದಳು ಎಂದು ಮುಂದೆ ಕೇಳಿದೆ. ಆ ಚಿಕ್ಕ ಪುಸ್ತಕ ಅಚ್ಚಾಯಿತೋ ಇಲ್ಲವೋ ತಿಳಿಯದು.

ಅಯ್ಯನವರು ಹೋಗಿ ಎಷ್ಟೋ ಕಾಲವಾಯಿತು. ಅವರ ಮೇಲಿನ ಸಿಟ್ಟು ವಯಸ್ಸಿನ ಜೊತೆ ಸವೆದು ಸಣ್ಣದಾಗಿದೆ. ಕ್ಷಮಿಸಲು ಆಗದೇ ಉಳಿದಿರುವುದು ಆ ಮಧ್ಯಾಹ್ನದ ಹುಡುಗಿಯನ್ನು. ಎಲ್ಲ ಗೊತ್ತಿದ್ದೂ, ಒಂದು ಕೂಗಿಗೆ, ತುತ್ತು ಅರ್ಧಕ್ಕೆ ಬಿಟ್ಟು ಎದ್ದಳಲ್ಲ. ಕರೆದುಕೊಂಡು ಹೋಗಲು ಬಂದಿದ್ದಾರೆ ಎಂದುಕೊಂಡು ಎಷ್ಟು ಖುಷಿಯಿಂದ ಓಡಿದಳು.